ಸೀಸದ ಸಿಪಾಯಿಗಳೂ ನನ್ನ ಎಡಗೈಯೂ

ನನಗೆ ಕುಷ್ಠರೋಗ ಬಂದಿತ್ತು. ಬಂದದ್ದು ಮದುವೆಯಾದ ಹೊಸತರಲ್ಲಿ, ವಾಸಿಯಾಗಿ ಈಗ ಒಂದು ಆಯುಷ್ಯವೇ ಕಳೆದಿದೆ. ಆದರೂ ಈ ಮಾತನ್ನು ಬರೆದ ಮೇಲೆ ಪೆನ್ನು ಕೆಳಗಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಹೋದ ತಿಂಗಳು ನಮ್ಮ ಪರಿಚಯದ ಮನೆಯ ಸೊಸೆಗೆ ಇದೇ ಕಾಯಿಲೆ ಎಂದು ಗೊತ್ತಾಯಿತು. ಅವಳು ನನ್ನ ಹತ್ತಿರ ಬಂದು ಕೂತು, ಏನೂ ಕೇಳದೆ, ನನ್ನ ಎಡಗೈಯ ಸ್ವಲ್ಪ ಬಾಗಿದ ಎರಡು ಬೆರಳುಗಳನ್ನೇ ನೋಡುತ್ತಿದ್ದಳು. ಔಷಧದ ವಿಷಯವನ್ನು ಡಾಕ್ಟರು ಅವಳಿಗೆ ಹೇಳಿದ್ದಾರೆ. ಈಗ ಬೇಗ ಗುಣವಾಗುತ್ತದೆ. ಅವಳಿಗೆ ತಿಳಿಯಬೇಕಾಗಿದ್ದದ್ದು ಬೇರೆ. ಆ ದಿನಗಳಲ್ಲಿ ತಲೆಯೊಳಗೆ ಏನೇನು ಓಡುತ್ತದೆ, ಮನೆಯವರ ಮುಖ ಹೇಗಿರುತ್ತದೆ, ಯಾವುದನ್ನು ನಂಬಬೇಕು. ಎದುರು ಕೂತು ಹೇಳಲು ನನಗೆ ಬರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವಳು. ಅರವತ್ತರ ದಶಕದಲ್ಲಿ ಮದುವೆಯಾಗಿ ನಾಸಿಕ್ ರೋಡಿಗೆ ಬಂದೆ. ಮಾವನವರದು ಸ್ಟೇಷನ್ ಹತ್ತಿರದ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲು. ಅದರ ಮೇಲಿನ ಮಾಳಿಗೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ಗಂಡನ ಹೆಸರು ಸದಾಶಿವ. ಬಾಯಲ್ಲಿ ಆ ಹೆಸರು ಹೇಳಿದವಳಲ್ಲ, ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ. ಕೆಳಗೆ ನೋಟು ಅಚ್ಚು ಹಾಕುವ ಪ್ರೆಸ್ಸಿನ ನೌಕರರು, ರೈಲಿನಿಂದ ಇಳಿದವರು ಇಡ್ಲಿ ತಿನ್ನುತ್ತಿದ್ದರೆ, ಮೇಲೆ ನಾನೂ ಅತ್ತೆಯೂ ಹೋಟೆಲಿಗೆ ಬೇಕಾದ ಚಟ್ನಿಪುಡಿ, ಸಾಂಬಾರುಪುಡಿ, ಉಪ್ಪಿನಕಾಯಿ ಮಾಡುತ್ತಿದ್ದೆವು. ನನಗೆ ಮರಾಠಿ ಬರುತ್ತಿರಲಿಲ್ಲ. ಇವರು ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಮೇಲೆ ಬರುವಾಗ ನಿದ್ದೆಯ ಹೊತ್ತು. ಮಾತು ಕಡಿಮೆಯ ಮನುಷ್ಯ. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಒಮ್ಮೆ ದೇವಳಾಲಿಯ ಮಿಲಿಟರಿ ಕ್ವಾರ್ಟರ್ಸಿನಲ್ಲಿ ವರ್ಗವಾಗಿ ಹೋಗುವ ಕುಟುಂಬವೊಂದು ಸಾಮಾನು ಮಾರುತ್ತಿದೆ ಎಂದು ತಿಳಿದು, ಇವರು ಹೋಟೆಲಿಗೆ ಕುರ್ಚಿ ತರಲು ಹೋದರು. ಕುರ್ಚಿಗಳ ಜೊತೆ ಒಂದು ಬಿಸ್ಕತ್ತಿನ ಡಬ್ಬಿಯೂ ಬಂತು. ಒಳಗೆ ಹೆಬ್ಬೆರಳಿನಷ್ಟು ಎತ್ತರದ ಸೀಸದ ಸಿಪಾಯಿಗಳು. ನಿಂತವರು, ನಡೆಯುವವರು, ಮಂಡಿಯೂರಿ ಗುರಿ ಹಿಡಿದವರು, ಡೋಲು ಹೊಡೆಯುವ ಒಬ್ಬ, ತಲೆಯಿಲ್ಲದ ಒಬ್ಬ ಕುದುರೆ ಸವಾರ. ಬಣ್ಣವೆಲ್ಲ ಸಿಪ್ಪೆ ಎದ್ದಿತ್ತು.

“ಕುರ್ಚಿಯ ಒಟ್ಟಿಗೆ ಕೊಟ್ರು. ಬಿಸಾಡುವುದಾ?” ಎಂದು ಕೇಳಿದರು.

“ಬೇಡ, ಇರ್ಲಿ,” ಎಂದೆ. ಯಾಕೆ ಹಾಗೆಂದೆ ಎಂದು ಗೊತ್ತಿಲ್ಲ. ಅವು ಎಲ್ಲಿಗೋ ಹೋಗುತ್ತಿದ್ದು ದಾರಿ ತಪ್ಪಿ ನಮ್ಮ ಮಾಳಿಗೆಗೆ ಬಂದವರ ಹಾಗೆ ಕಂಡವು. ನಾನೂ ಹಾಗೆಯೇ ಇದ್ದೆ.

ಹೋಟೆಲಿನ ಬೋರ್ಡು ಬರೆದ ಪೇಂಟರ್ ಬಿಟ್ಟುಹೋಗಿದ್ದ ಎನಾಮಲ್ ಬಣ್ಣದ ಡಬ್ಬಿಗಳು ಮೆಟ್ಟಿಲ ಕೆಳಗೆ ಇದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ಸಿಪಾಯಿಗೆ ಕೆಂಪು ಬಳಿದೆ. ಬಣ್ಣ ಬೆಲ್ಲದ ಪಾಕದಂತೆ ದಪ್ಪ; ಅವನ ಮೂಗು, ಗುಂಡಿ, ಬೆಲ್ಟು ಎಲ್ಲ ಅದರೊಳಗೆ ಮುಳುಗಿಹೋಯಿತು. ಟರ್ಪೆಂಟೈನ್ ಹಾಕಿ ತೆಳು ಮಾಡಬೇಕೆಂದು ತಿಳಿಯುವಷ್ಟರಲ್ಲಿ ಹಲವರು ಹಾಗೆ ಮುಳುಗಿದ್ದರು. ಒಂದು ಬಣ್ಣ ಒಣಗುವ ಮೊದಲೇ ಇನ್ನೊಂದು ಹಚ್ಚಿ ಎರಡನ್ನೂ ಕೆಡಿಸುತ್ತಿದ್ದೆ. ಟೋಪಿ ಮೊದಲು ಬಳಿದು ಆಮೇಲೆ ಮುಖಕ್ಕೆ ಬಂದರೆ ಟೋಪಿಯ ಕಪ್ಪು ಹಣೆಗಿಳಿಯುತ್ತಿತ್ತು. ಒಳಗಿನಿಂದ ಹೊರಗೆ ಬರಬೇಕು, ಮೊದಲು ಮೈ, ಆಮೇಲೆ ಬಟ್ಟೆ, ಕೊನೆಗೆ ಬೆಲ್ಟು, ಬಂದೂಕು ಎಂಬುದನ್ನು ತಪ್ಪಿ ತಪ್ಪಿ ಕಲಿತೆ. ಕಣ್ಣಿಗೆ ಎರಡು ಚುಕ್ಕೆ ಇಟ್ಟರೆ ಎಲ್ಲರೂ ಗಾಬರಿ ಬಿದ್ದವರ ಹಾಗೆ ಕಾಣುತ್ತಿದ್ದರು.

ಅವರ ಪ್ಯಾಂಟಿನ ಬಣ್ಣ ಯಾವುದು? ಯಾರನ್ನು ಕೇಳುವುದು? ಇವರು ಹೋಟೆಲಿಗೆ ಬರುತ್ತಿದ್ದ ಒಬ್ಬ ಮಿಲಿಟರಿಯವರನ್ನು ಕೇಳಿಕೊಂಡು ಬಂದರು. “ಪರದೇಶದ ಪಲ್ಟಣ್ ಅಂತೆ. ನೀಲಿ ಇರಬಹುದು, ಕಪ್ಪೂ ಇರಬಹುದು ಅಂದ್ರು.” ನಾನು ಅರ್ಧ ಜನಕ್ಕೆ ನೀಲಿ, ಅರ್ಧ ಜನಕ್ಕೆ ಕಪ್ಪು ಹಾಕಿದೆ. ಆಮೇಲೆ ಚೆಂದಕ್ಕೆಂದು ಕೆಲವರಿಗೆ ಬಿಳಿ. ಇವರು ನಾಸಿಕ್ ಊರೊಳಗೆ ಸಾಮಾನು ತರಲು ಹೋದಾಗ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಒಂದೊಂದು ತಂದುಕೊಡತೊಡಗಿದರು. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋಗುತ್ತಿದ್ದರು. ಅತ್ತೆ ಅದನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದರು. ಯಾಕೆಂದು ಆಗ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಕಿಟಕಿಯ ಬಳಿ ಕೂತು ಮಂಡಿಯೂರಿದ ಸಿಪಾಯಿಯ ಪ್ಯಾಂಟಿಗೆ ಬಿಳಿ ಹಚ್ಚುತ್ತಿದ್ದೆ. ಬಲಗೈಯಲ್ಲಿ ಕುಂಚ, ಎಡಗೈ ಮುಷ್ಟಿಯಲ್ಲಿ ಸಿಪಾಯಿ. ಹಚ್ಚಿದ ಬಿಳಿಯ ಮೇಲೆ ಕೆಂಪು ಹರಿಯಿತು. ಅವನ ಕೋಟಿನ ಬಣ್ಣ ಇನ್ನೂ ಒಣಗಿಲ್ಲ ಎಂದುಕೊಂಡು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದೆ. ಮತ್ತೆ ಹರಿಯಿತು. ಮತ್ತೆ ಒರೆಸಿದೆ. ಹಿಂದಿನ ದಿನ ಹಚ್ಚಿದ್ದು ಇನ್ನೂ ಹೇಗೆ ಹಸಿಯಿದೆ ಎಂದು ಅಚ್ಚರಿಪಡುತ್ತಾ ಮುಷ್ಟಿ ಬಿಚ್ಚಿದರೆ, ಬಂದೂಕಿನ ತುದಿಯ ಈಟಿ ನನ್ನ ಕಿರುಬೆರಳಿನೊಳಗೆ ಹೋಗಿ ನಿಂತಿತ್ತು. ಹರಿಯುತ್ತಿದ್ದದ್ದು ನನ್ನ ರಕ್ತ.

ಕಿತ್ತು ತೆಗೆದೆ. ಆಗಲೂ ನೋವಾಗಲಿಲ್ಲ. ಬೇರೆ ಯಾರದೋ ಬೆರಳನ್ನು ನೋಡುತ್ತಿದ್ದ ಹಾಗಿತ್ತು.

ಅದಕ್ಕೆ ಮೊದಲೇ ಮೊಣಕೈಯ ಹತ್ತಿರ ಒಂದು ಬಿಳಿಚಿದ ಮಚ್ಚೆ ಇತ್ತು. ಎರಡನ್ನೂ ಸೇರಿಸಿ ಯೋಚಿಸುವಷ್ಟು ನನಗೆ ತಿಳಿವಳಿಕೆ ಇರಲಿಲ್ಲ. ಬೀದಿಯ ಡಾಕ್ಟರಿಗೂ ಇರಲಿಲ್ಲ. ಮಚ್ಚೆಗೆ ಹುಳುಕಡ್ಡಿಯ ಮುಲಾಮು, ಬೆರಳಿಗೆ ಶಕ್ತಿಯ ಟಾನಿಕ್ ಕೊಟ್ಟರು. “ರಕ್ತ ಕಡಿಮೆ ಉಂಟು, ಅಷ್ಟೇ,” ಎಂದು ಅತ್ತೆ ಬೀಟ್‌ರೂಟ್ ಬೇಯಿಸಿದರು. ಇವರಿಗೆ ಸಿಪಾಯಿಗಳ ಮೇಲೆ ಅನುಮಾನ ಬಂತು. ಸೀಸ ವಿಷವಂತೆ ಎಂದು ಯಾರೋ ಹೇಳಿದ್ದರಂತೆ. ಸ್ವಲ್ಪ ಕಾಲ ಡಬ್ಬಿ ಮುಚ್ಚಿಟ್ಟೆ. ಮಚ್ಚೆ ಹಾಗೆಯೇ ಇತ್ತು. ಬೆರಳು ಇನ್ನಷ್ಟು ಮರಗಟ್ಟಿತು. ಟಾನಿಕ್ಕಿನಿಂದ ನಾನು ದಪ್ಪಗಾದೆ, ಅದೊಂದೇ ಲಾಭ.

ಕೊನೆಗೆ ನಾಸಿಕ್‌ನಲ್ಲಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು. ನನ್ನ ಕೈಯನ್ನು ಮೇಜಿನ ಮೇಲೆ ಇರಿಸಿಕೊಂಡು, “ಡೋಳೆ ಮಿಟಾ,” ಎಂದರು. ಕಣ್ಣು ಮುಚ್ಚಿದೆ. ಹತ್ತಿಯಿಂದ ಮುಟ್ಟುತ್ತೇನೆ, ಮುಟ್ಟಿದಾಗ ಹೇಳಬೇಕು ಎಂದು ಇವರು ಕನ್ನಡದಲ್ಲಿ ತಿಳಿಸಿದರು. ಕಾದೆ. ಹೊರಗೆ ಕುದುರೆಗಾಡಿಯ ಗೆಜ್ಜೆ ಕೇಳಿತು. ಕಾಂಪೌಂಡರ್ ಬಾಟಲಿ ಅಲುಗಾಡಿಸಿದ್ದು ಕೇಳಿತು. ಇನ್ನೂ ಕಾದೆ.

“ಯಾವಾಗ ಶುರು ಮಾಡ್ತಾರೆ?” ಎಂದು ಇವರನ್ನು ಕೇಳಿದೆ.

ಕಣ್ಣು ತೆರೆದೆ. ಡಾಕ್ಟರು ಹತ್ತಿಯನ್ನು ಬುಟ್ಟಿಗೆ ಹಾಕಿ ಕೈ ತೊಳೆಯುತ್ತಿದ್ದರು. ಮುಗಿದಿತ್ತು.

ಅವರು ಇವರನ್ನು ಪಕ್ಕದ ಕೋಣೆಗೆ ಕರೆದು ಮರಾಠಿಯಲ್ಲಿ ಏನೋ ಹೇಳಿದರು. ಹೊರಗೆ ಬಂದ ಇವರ ಮುಖ ಓದಲು ಪ್ರಯತ್ನಿಸಿದೆ. “ನರದ ತೊಂದರೆ ಅಂತೆ. ಔರಂಗಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗ್ಬೇಕು,” ಎಂದಷ್ಟೇ ಹೇಳಿದರು. ಬೊಂಬಾಯಿ ಹತ್ತಿರವಿದ್ದರೂ ಔರಂಗಾಬಾದ್ ಯಾಕೆ ಎಂದು ಕೇಳಿದೆ. “ಅಲ್ಲಿ ನಮ್ಮ ಪರಿಚಯದವರು ಯಾರೂ ಇಲ್ಲ,” ಎಂದರು. ಪರಿಚಯದವರಿಲ್ಲದ ಊರಿಗೆ ಯಾರಾದರೂ ಬೇಕೆಂದು ಹೋಗುತ್ತಾರೆಯೇ? ಆ ಊರನ್ನು ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ; ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ.

ಮನ್ಮಾಡಿನಲ್ಲಿ ಗಾಡಿ ಬದಲಿಸಿ ಸಣ್ಣ ಹಳಿಯ ರೈಲಿನಲ್ಲಿ ಹೋದೆವು. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಬೆಂಚುಗಳಿದ್ದವು. ಇವರು ನನ್ನನ್ನು ಒಂದು ಬೆಂಚಿನ ಮೇಲೆ ಅಂಗಳದ ಕಡೆ ಮುಖ ಮಾಡಿ ಕೂರಿಸಿದರು. ಎಲ್ಲರೂ ಬಾಗಿಲ ಕಡೆ ತಿರುಗಿದ್ದರೆ ನಾವಿಬ್ಬರು ಮಾತ್ರ ಬೇವಿನ ಮರ ನೋಡುತ್ತಾ ಕೂತಿದ್ದೆವು. ಹಿಂದೆ ಯಾವುದೋ ಮಗು ಅತ್ತಿತು, ತಿರುಗಿದೆ. ಬಾಗಿಲ ಮೇಲೆ ಬೋರ್ಡು. ಶಾಲೆಯಲ್ಲಿ ಕಲಿತ ಹಿಂದಿ ಅಕ್ಷರಗಳು ನೆನಪಿದ್ದವು. ಒಂದೊಂದಾಗಿ ಕೂಡಿಸಿದೆ. ಮರಾಠಿಯ ಎಷ್ಟೋ ಪದ ನನಗೆ ಬರುತ್ತಿರಲಿಲ್ಲ, ಆದರೆ ಈ ಪದ ಕನ್ನಡದಲ್ಲೂ ಅದೇ. ಕುಷ್ಠ.

ಇವರು ನನ್ನನ್ನು ಬೋರ್ಡಿಗೆ ಬೆನ್ನು ಹಾಕಿ ಕೂರಿಸಿದ್ದು ಯಾಕೆಂದು ಆಗ ತಿಳಿಯಿತು. ನಾನು ಓದಿದೆನೆಂದು ಇವರಿಗೂ ತಿಳಿಯಿತು. ಇಬ್ಬರೂ ಮತ್ತೆ ಬೇವಿನ ಮರದ ಕಡೆ ತಿರುಗಿದೆವು.

ನಮ್ಮೂರಿನ ದೇವಸ್ಥಾನದ ಹೊರಗೆ ಬಟ್ಟೆ ಸುತ್ತಿದ ಕೈ ಚಾಚಿ ಕೂರುತ್ತಿದ್ದ ಒಬ್ಬ ಮುದುಕನಿದ್ದ. ಅಮ್ಮ ನಮ್ಮನ್ನು ಸೆರಗಿನೊಳಗೆ ಎಳೆದುಕೊಂಡು ದಾಟಿಸುತ್ತಿದ್ದಳು. ನನಗೆ ಗೊತ್ತಿದ್ದದ್ದು ಅಷ್ಟೇ. ನಾನು ಅವನೇ? ಅವನು ನಾನೇ? ಯಾವ ಪಾಪಕ್ಕೆ? ತಲೆಯೊಳಗೆ ಇಂಥವೇ ಸುತ್ತುತ್ತಿದ್ದಾಗ ಪಕ್ಕದ ಹೆಂಗಸು ನನ್ನ ಮಂಡಿ ಮುಟ್ಟಿದಳು.

“ಕನ್ನಡದವ್ರೇನ್ರಿ ತಂಗಿ? ನಿಮ್ಮ ಯಜಮಾನ್ರ ಜೋಡಿ ಮಾತಾಡೋದು ಕೇಳಿದ್ನಿ.”

ಅವಳ ಹೆಸರು ಶರಣಮ್ಮ. ಬೀದರಿನ ಭಾಲ್ಕಿ ಕಡೆಯವಳು, ಗಂಡ ಔರಂಗಾಬಾದಿನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಕಾಲಿಗೆ ದಪ್ಪ ರಬ್ಬರಿನ ಚಪ್ಪಲಿ.

“ಹೊಸಬ್ರು ಕಾಣ್ತೀರಿ. ಅಳಬ್ಯಾಡ್ರಿ. ಗುಳಿಗಿ ಕೊಡ್ತಾರ, ನುಂಗ್ರಿ. ಹೋಗ್ತದ ಇದು.”

“ಎಷ್ಟು ದಿನ?”

“ದಿನಾ ಅಲ್ರಿ, ವರ್ಷ,” ಎಂದು ನಕ್ಕಳು. ನಗುವವರು ಈ ಬೆಂಚಿನಲ್ಲೂ ಇರುತ್ತಾರೆ ಎಂಬುದೇ ನನಗೆ ಹೊಸತಾಗಿತ್ತು.

ಡಾಕ್ಟರು ಹೆಂಗಸು. ನನ್ನ ಮೊಣಕೈಯ ಒಳಗಿನ ನರವನ್ನು ಬೆರಳಿನಲ್ಲಿ ಹೊರಳಿಸಿ ನೋಡಿದರು, ಅದು ಹಗ್ಗದಂತೆ ಊದಿತ್ತು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ನಿಮ್ಮದು ಬೇರೆಯವರಿಗೆ ಹರಡುವ ಬಗೆಯದಲ್ಲ. ಅಡುಗೆ ಮಾಡಿ, ಒಟ್ಟಿಗೆ ಊಟ ಮಾಡಿ, ಗಂಡನ ಜೊತೆ ಇರಿ. ತಿಂಗಳಿಗೊಮ್ಮೆ ಬನ್ನಿ. ನನಗೆ ಅರ್ಥವಾಯಿತು, ಆದರೆ ನಂಬಿಕೆ ಬರಲಿಲ್ಲ. ಹರಡುವುದಿಲ್ಲ ಎಂದಾದರೆ ನನಗೆ ಎಲ್ಲಿಂದ ಬಂತು?

ಹಿಂದಿರುಗುವಾಗ ಮನ್ಮಾಡಿನಲ್ಲಿ ಇವರು ಚಹಾ ತಂದರು. ಒಂದೇ ಕಪ್ಪು. ನನಗೆ ಕೊಟ್ಟು ಸುಮ್ಮನೆ ನಿಂತರು. ತಮಗೆ ಯಾಕೆ ತರಲಿಲ್ಲ? ನನ್ನ ಕಪ್ಪಿನ ಪಕ್ಕ ತಮ್ಮ ಕಪ್ಪು ಬೇಡವೆಂದೇ? ನಾನು ಕುಡಿದುಬಿಟ್ಟ ಕಪ್ಪನ್ನು ಅಂಗಡಿಯವನಿಗೆ ಕೊಡುವಾಗ ಇವರು ಅದರ ಅಂಚನ್ನು ಹಿಡಿದರೇ, ಹಿಡಿಯನ್ನು ಹಿಡಿದರೇ? ನಾಸಿಕ್ ರೋಡ್ ಬರುವವರೆಗೂ ಇದನ್ನೇ ಯೋಚಿಸಿದೆ. ಎಷ್ಟೋ ವರ್ಷಗಳ ಮೇಲೆ ಕೇಳಿದಾಗ ಇವರಿಗೆ ನೆನಪೇ ಇರಲಿಲ್ಲ. “ಹೊಟ್ಟೆ ಸರಿ ಇರ್ಲಿಲ್ಲವೋ ಏನೋ ಮಾರಾಯ್ತಿ,” ಎಂದರು. ಅಂಥ ದಿನಗಳಲ್ಲಿ ಎದುರಿನವರ ಒಂದೊಂದು ಚಲನೆಯೂ ತೀರ್ಪಿನ ಹಾಗೆ ಕಾಣುತ್ತದೆ. ಹೆಚ್ಚಿನವು ತೀರ್ಪಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಆಗ ಹೇಗೆ ತಿಳಿಯಬೇಕು?

ಮನೆಯಲ್ಲಿ ‘ನರದ ತೊಂದರೆ’ ಎಂದೇ ಹೇಳಿದೆವು. ನಾನು ಹೋಟೆಲಿನ ಚಟ್ನಿಪುಡಿ, ಉಪ್ಪಿನಕಾಯಿಗೆ ಕೈ ಹಾಕುವುದನ್ನು ಬಿಟ್ಟೆ. ಡಾಕ್ಟರು ಪರವಾಗಿಲ್ಲ ಎಂದಿದ್ದರೂ ಮನಸ್ಸು ಒಪ್ಪಲಿಲ್ಲ. ಸುಸ್ತು ಎಂದೆ, ತಲೆಸುತ್ತು ಎಂದೆ. ಅತ್ತೆ ಬೈಯುತ್ತಾರೆ ಎಂದುಕೊಂಡರೆ ಮಣೆ ಹಾಕಿ ಕೂರಿಸಿದರು. ನನ್ನ ತಟ್ಟೆಗೆ ತುಪ್ಪ ಹೆಚ್ಚಾಯಿತು. ಭಾರ ಎತ್ತಬೇಡ ಎಂದರು. ನನ್ನ ಸಿಪಾಯಿಗಳನ್ನು ಡಬ್ಬಿಯಿಂದ ತೆಗೆದು, ಧೂಳು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು.

“ಗಂಡೇ ಆಗ್ಲಿ, ಹೆಣ್ಣೇ ಆಗ್ಲಿ, ಆಡ್ಲಿಕ್ಕೆ ಈಗಲೇ ಎಲ್ಲ ತಯಾರುಂಟು,” ಎಂದು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದದ್ದು ಕೇಳಿಸಿತು.

ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವುದು, ದಪ್ಪಗಾದದ್ದು, ತಲೆಸುತ್ತು, ಮಕ್ಕಳ ಆಟದ ಬೊಂಬೆ. ಎಲ್ಲವನ್ನೂ ಕೂಡಿಸಿ ಅವರು ಸಂತೋಷಪಟ್ಟಿದ್ದರು. ಇವರಿಗೆ ಹೇಳಿದೆ. “ನೀವೇ ತಿಳಿಸಿ.” ಇವರು ಬಾಯಿ ತೆರೆಯುವುದು, ಮುಚ್ಚುವುದು. ಅತ್ತೆ ಹಳೆಯ ಸೀರೆ ಹರಿದು ಮಗುವಿನ ಬಟ್ಟೆ ಹೊಲಿಯಲು ಕೂತ ದಿನ ನಾನೇ ಎದುರು ಹೋಗಿ ಕೂತೆ.

“ಅತ್ತೆ, ನನಗೆ ಮಗು ಅಲ್ಲ. ಕಾಯಿಲೆ.” ಹೆಸರನ್ನೂ ಹೇಳಿದೆ.

ಅವರ ಕೈಯಲ್ಲಿ ಸೂಜಿ ಇತ್ತು. ಅದನ್ನು ಬಟ್ಟೆಗೆ ಚುಚ್ಚಿ ಬಟ್ಟೆ ಮಡಚಿದರು. “ಯಾರಿಗೆಲ್ಲ ಗೊತ್ತುಂಟು?” ಎಂದು ಕೇಳಿದರು. ಅಷ್ಟೇ. ಮಾರನೆಯ ದಿನ ನನ್ನ ತಟ್ಟೆ, ಲೋಟ ಬೇರೆ ಮೂಲೆಯಲ್ಲಿದ್ದವು. ಕಿಟಕಿಯ ಕಟ್ಟೆ ಖಾಲಿ. ಸಿಪಾಯಿಗಳನ್ನು ಚಿಮಟದಲ್ಲಿ ಹಿಡಿದು ಡಬ್ಬಿಗೆ ಹಾಕಿದ್ದರು. ಚಿಮಟವನ್ನು ಬಿಸಿನೀರಿನಲ್ಲಿ ಅದ್ದಿದ್ದರು. ನಾನು ಕೋಪಿಸಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಅವರು ನನಗೆ ಬಡಿಸುವಾಗ ಕಣ್ಣಲ್ಲಿ ನೀರಿರುತ್ತಿತ್ತು, ಸೌಟು ಮಾತ್ರ ತಟ್ಟೆಯಿಂದ ಗೇಣುದ್ದ ಮೇಲೇ ನಿಲ್ಲುತ್ತಿತ್ತು.

ಮಾವ ನನ್ನೊಡನೆ ಮಾತಾಡಲಿಲ್ಲ. ನಾನು ಕೇಳುವ ಹಾಗೆ ಮಗನೊಡನೆ ಮಾತಾಡಿದರು.

“ಸದಾಶಿವ, ಅವಳನ್ನು ಊರಿಗೆ ಬಿಟ್ಟು ಬಾ. ಔಷಧ ಅಲ್ಲೇ ಮಾಡ್ಲಿ. ಈ ವಿಷಯ ಕೆಳಗೆ ಗೊತ್ತಾದ್ರೆ ನಾಳೆಯಿಂದ ಒಂದು ಜನ ಹೋಟೆಲಿನ ಮೆಟ್ಲು ಹತ್ಲಿಕ್ಕಿಲ್ಲ. ಇಷ್ಟು ವರ್ಷ ಕಟ್ಟಿದ್ದು ಹೋಯ್ತು.”

“ಆಯ್ತು,” ಎಂದರು ಇವರು.

ಆ ‘ಆಯ್ತು’ ಕೇಳಿ ನನಗೆ ವಿಚಿತ್ರವಾದ ಸಮಾಧಾನವಾಯಿತು. ಇನ್ನು ಊಹಿಸುವುದು ಏನೂ ಉಳಿಯಲಿಲ್ಲವಲ್ಲ. ಬಟ್ಟೆ ಮಡಚಿದೆ. ಇವರು ಟ್ರಂಕಿನ ತಳಕ್ಕೆ ಮೊದಲು ಸಿಪಾಯಿಗಳ ಡಬ್ಬಿಯನ್ನೇ ಇಟ್ಟರು. ತಮ್ಮ ಎರಡು ಅಂಗಿಯನ್ನೂ ಇಟ್ಟಾಗ, ದಾರಿಗೆ ಬೇಕಲ್ಲ ಎಂದುಕೊಂಡೆ. ಅತ್ತೆ ಬಾಗಿಲವರೆಗೆ ಬಂದರು, ಹತ್ತಿರ ಬರಲಿಲ್ಲ.

ಸ್ಟೇಷನ್ನಿನಲ್ಲಿ ಇವರು ಟಿಕೆಟ್ ತಂದರು. ನಾನು ಬೊಂಬಾಯಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕೂತಿದ್ದೆ. ಊರಿಗೆ ಹೋಗುವುದೆಂದರೆ ಆ ಕಡೆಯೇ. ಇವರು ಟ್ರಂಕ್ ಎತ್ತಿಕೊಂಡು ಸೇತುವೆ ಹತ್ತತೊಡಗಿದರು. ಹಿಂದೆ ಓಡಿದೆ.

“ಹೋಯ್, ಅದು ನಮ್ಮ ಗಾಡಿ ಅಲ್ಲ.”

“ಇದೇ.”

“ಅದು ಮನ್ಮಾಡಿಗೆ ಹೋಗುವುದು.”

“ಹೌದು.”

“ಊರಿಗೆ ಬಿಡ್ತೇನೆ ಅಂತ ಒಪ್ಪಿದ್ರಲ್ಲ?”

ಇವರು ಸೇತುವೆಯ ನಡುವೆ ನಿಂತರು. “ಒಪ್ಪಿದ್ದೆ. ಟಿಕೆಟಿನ ಕಿಟಕಿಯಲ್ಲಿ ಬಾಯಿಗೆ ಔರಂಗಾಬಾದ್ ಅಂತಲೇ ಬಂತು. ಎಂತ ಮಾಡುವುದು ಅಂತ ನನಗೂ ಗೊತ್ತಿಲ್ಲ. ಈಗ ನಡಿ, ಗಾಡಿ ಬರ್ತದೆ.”

ಆ ಮನುಷ್ಯ ನನಗಾಗಿ ತಂದೆಯ ಹೋಟೆಲನ್ನು ಬಿಟ್ಟರು ಎಂದು ಈಗ ಜನ ಹೇಳುವುದುಂಟು. ನಡೆದದ್ದು ಹೀಗೆ. ಧೈರ್ಯ ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿಲ್ಲ.

ಔರಂಗಾಬಾದಿನಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿನಲ್ಲಿ ಇವರಿಗೆ ಗಲ್ಲಾದ ಮೇಲಿನ ಕೆಲಸ ಸಿಕ್ಕಿತು. ಒಂದು ಹೋಟೆಲಿನ ಮಾಲೀಕನ ಮಗ ಈಗ ಇನ್ನೊಂದರಲ್ಲಿ ನೌಕರ. ಶಹಾಗಂಜಿನ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ. ಇವರು ತಮ್ಮ ಅಪ್ಪನಿಗೆ ಒಂದು ಕಾರ್ಡು ಬರೆದರು; ಉತ್ತರ ಬರಲಿಲ್ಲ. ಹಣದ ಕಷ್ಟವಿತ್ತು, ಅದನ್ನು ಬರೆಯುವುದಿಲ್ಲ. ಅದಕ್ಕಿಂತ ದೊಡ್ಡದು ಬೇರೆ ಬಂತು.

ಗುಳಿಗೆ ಶುರುವಾಗಿ ಒಳ್ಳೆಯದಾಗುತ್ತಿದೆ ಎನ್ನುವಾಗಲೇ ಮೊಣಕೈ ಬೆಂಕಿಯಂತೆ ಉರಿಯತೊಡಗಿತು. ಉಂಗುರದ ಬೆರಳು, ಕಿರುಬೆರಳು ಒಳಕ್ಕೆ ಮಡಚಿಕೊಂಡವು. ಬಿಚ್ಚು ಎಂದರೆ ಬಿಚ್ಚಲಿಲ್ಲ. ನೋವೇ ಇಲ್ಲದ ಕೈಯಲ್ಲಿ ಇಷ್ಟು ನೋವು ಎಲ್ಲಿಂದ? ಔಷಧವೇ ಕೆಡಿಸಿತೇ? ಮಾವ ಹೇಳಿದ್ದು ಸರಿಯಿತ್ತೇ? ಡಾಕ್ಟರು ವಾರ್ಡಿಗೆ ಸೇರಿಸಿಕೊಂಡರು. ದೇಹ ರೋಗದೊಡನೆ ಹೊಡೆದಾಡುವಾಗ ಹೀಗೆ ನರ ಊದಿಕೊಳ್ಳುತ್ತದೆ, ಗುಳಿಗೆ ನಿಲ್ಲಿಸಬೇಡಿ ಎಂದರು. ಗುಣವಾಗುತ್ತಿರುವುದರಿಂದಲೇ ಹೆಚ್ಚಾಗಿದೆ ಎಂಬ ಮಾತು ನನ್ನ ತಲೆಗೆ ಇಳಿಯಲೇ ಇಲ್ಲ. ಇನ್ನೊಂದು ಗುಳಿಗೆ ಕೊಟ್ಟರು, ಕೈಗೆ ಪ್ಲಾಸ್ಟರಿನ ಪಟ್ಟಿ ಕಟ್ಟಿದರು.

ಪಕ್ಕದ ಮಂಚದಲ್ಲಿ ಶರಣಮ್ಮ. ಅಂಗಾಲಿನ ಹುಣ್ಣಿಗೆಂದು ಸೇರಿದ್ದಳು. ಅವಳನ್ನು ನೋಡಿ ಎಷ್ಟು ಖುಷಿಯಾಯಿತೆಂದರೆ, ಅವಳಿಗೆ ಹುಣ್ಣಾದದ್ದಕ್ಕೆ ಖುಷಿಪಟ್ಟೆನೇ ಎಂದು ನಾಚಿಕೆಯಾಯಿತು.

ಉರಿ ತಗ್ಗಿದ ಮೇಲೆ ಹೊತ್ತು ಹೋಗದೆ ಸಿಪಾಯಿಗಳನ್ನು ತರಿಸಿದೆ. ಆದರೆ ಎಡಗೈಯಲ್ಲಿ ಹಿಡಿಯುವುದು ಹೇಗೆ? ಜಾರಿ ಬೀಳುತ್ತಿತ್ತು, ಬಿಗಿ ಹಿಡಿದರೆ ಚುಚ್ಚಿದ್ದು ತಿಳಿಯುತ್ತಿರಲಿಲ್ಲ. ಇವರು ಹೋಟೆಲಿನಿಂದ ಎಸೆನ್ಸಿನ ಖಾಲಿ ಬಾಟಲಿ ತಂದು, ಅದರ ಬಿರಡೆಯ ಮೇಲೆ ಮೇಣದಬತ್ತಿಯ ಮೇಣ ಸುರಿದು ಸಿಪಾಯಿಯನ್ನು ನಿಲ್ಲಿಸಿಕೊಟ್ಟರು. ಈಗ ಬಾಟಲಿ ತಿರುಗಿಸಿದರೆ ಸಾಕು, ಸಿಪಾಯಿಯನ್ನು ಮುಟ್ಟುವುದೇ ಬೇಡ. ಬಣ್ಣದ ಮೇಲೆ ಬೆರಳಚ್ಚು ಬೀಳುವುದೂ ನಿಂತಿತು. ಮೊದಲ ಸಲ ಒಬ್ಬನ ಗುಂಡಿಗಳೆಲ್ಲ ಗುಂಡಿಗಳ ಹಾಗೆಯೇ ಕಂಡವು.

“ಏನ್ರಿ ಇವು, ದೇವ್ರಾ?” ಎಂದು ಶರಣಮ್ಮ ಕೇಳಿದಳು.

“ಸಿಪಾಯಿಗಳು.”

“ಯಾರ ಜೋಡಿ ಯುದ್ಧ?”

“ಗೊತ್ತಿಲ್ಲ.”

“ಮತ್ತ ಇಷ್ಟು ಅಂಜ್ಯಾರ ಯಾಕ? ಕಣ್ಣು ನೋಡ್ರಿ, ಮನೀಗಿ ಓಡಿ ಹೊಂಟವ್ರಂಗ ಕಾಣ್ತಾರ. ಮೀಸಿ ಇಡ್ರಿ, ಧೈರ್ಯ ಬರ್ತದ.”

ಮೀಸೆ ಇಡುವುದು ಕಣ್ಣಿಡುವುದಕ್ಕಿಂತ ಕಷ್ಟ. ಕುಂಚದ ಕೂದಲನ್ನು ಬ್ಲೇಡಿನಲ್ಲಿ ಕತ್ತರಿಸಿ ಒಂದೆರಡೇ ಎಳೆ ಉಳಿಸಿಕೊಂಡು, ಉಸಿರು ಹಿಡಿದು ಎಳೆಯಬೇಕು. ಕೆಲವರ ಮೀಸೆ ಕಿವಿಗೆ ಹೋಯಿತು. ವಾರ್ಡಿನ ಹೆಂಗಸರು ಮಂಚದಿಂದ ಮಂಚಕ್ಕೆ ದಾಟಿಸಿ ನೋಡಿ ನಕ್ಕರು. ನಾನು ಮುಟ್ಟಿದ್ದನ್ನು ಇಷ್ಟೊಂದು ಜನ ಮುಟ್ಟಿ ಬಹಳ ಕಾಲವಾಗಿತ್ತು. ಶರಣಮ್ಮನಿಗೆ ಡೋಲಿನವನನ್ನು ಕೊಟ್ಟೆ. ಅವಳು ಅವನನ್ನು ಔಷಧದ ಬಾಟಲಿಯ ಪಕ್ಕ ನಿಲ್ಲಿಸಿಕೊಂಡಳು.

ಎಣ್ಣೆ ಹಚ್ಚಿ ಬೆರಳು ನೀವುವುದು, ಮೇಜಿನ ಮೇಲೆ ಒತ್ತಿ ಬಿಡಿಸುವುದು, ಇದನ್ನೇ ತಿಂಗಳುಗಟ್ಟಲೆ ಮಾಡಿದೆ. ಬೆರಳುಗಳು ಅರ್ಧ ಬಿಚ್ಚಿದವು, ಪೂರ್ತಿ ಬಿಚ್ಚಲಿಲ್ಲ. ಸ್ಪರ್ಶ ಮರಳಲಿಲ್ಲ. ಗುಳಿಗೆಯ ವರ್ಷಗಳು ಹೋದವು. ಹಳೇ ಬಜಾರಿನಲ್ಲಿ ಇವರಿಗೆ ಸಿಕ್ಕ ಹೊಸ ಸಿಪಾಯಿಗಳು ಕೋಣೆಯ ಗೂಡು ತುಂಬಿದವು. ಒಂದು ದಿನ ಡಾಕ್ಟರು, “ಸಾಕು. ಇನ್ನು ಬರಬೇಡಿ,” ಎಂದರು. ಹೊರಗೆ ಬಂದು ಮತ್ತೆ ಬೆಂಚಿನ ಮೇಲೆ ಕೂತೆ. ಬರಬೇಡಿ ಎಂದರೆ ವಾಸಿಯಾಯಿತೆಂದೇ, ಇನ್ನೇನೂ ಮಾಡುವಂತಿಲ್ಲವೆಂದೇ? ಆಯಾ ಬಂದು ಯಾಕಿನ್ನೂ ಕೂತಿದ್ದೀರಿ ಎನ್ನುವವರೆಗೆ ಏಳಲಿಲ್ಲ. ಸಂತೋಷ ಬರಲು ಕೆಲವು ವಾರ ಹಿಡಿಯಿತು.

ಅದಾದ ಮುಂದಿನ ಬೇಸಿಗೆಯಲ್ಲಿ ಅತ್ತೆ ಬಂದರು. ಒಬ್ಬರೇ. ಜೀವಮಾನದಲ್ಲಿ ಒಬ್ಬರೇ ರೈಲು ಹತ್ತಿದವರಲ್ಲ. ಮನ್ಮಾಡಿನಲ್ಲಿ ಯಾರು ಯಾರನ್ನೋ ಕೇಳಿ ಗಾಡಿ ಬದಲಿಸಿ, ಕಾರ್ಡಿನ ವಿಳಾಸ ಹಿಡಿದು ಗಲ್ಲಿಗೆ ಬಂದಿದ್ದರು. ಇವರು ಹೋಟೆಲಿನಲ್ಲಿದ್ದರು. ಬಾಗಿಲು ತೆರೆದ ನನಗೆ ಯಾರೋ ತೀರಿಕೊಂಡಿರಬೇಕು ಎಂದೇ ಅನಿಸಿತು.

“ಮಾವ ಹೇಗಿದ್ದಾರೆ?”

“ಇದ್ದಾರೆ,” ಎಂದು ಒಳಗೆ ಬಂದು ನೆಲದ ಮೇಲೆ ಕೂತರು. ಗೂಡಿನಲ್ಲಿದ್ದ ಸಿಪಾಯಿಗಳನ್ನು ನೋಡಿದರು. ನೀರು ಕೊಟ್ಟೆ, ಲೋಟವನ್ನು ನೆಲದ ಮೇಲಿಟ್ಟೆ. ಎತ್ತಿ ಕುಡಿದರು. ಆಮೇಲೆ 'ಬಾಗಿಲು ಹಾಕು' ಎಂದು ಹೇಳಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದರು.

ಕಣಕಾಲಿನ ಮೇಲೆ ಅಂಗೈಯಗಲದ ಮಚ್ಚೆ. ಅದರ ನಡುವೆ ಹೊಸದಾಗಿ ಸುಟ್ಟ ಗುಳ್ಳೆಗಳು.

“ಬೋಂಡಾ ಬಿಡುವಾಗ ಎಣ್ಣೆ ಸಿಡಿಯಿತು ಲೀಲಾ. ನಂಗೆ ಗೊತ್ತೇ ಆಗ್ಲಿಲ್ಲ. ಸೀರೆಗೆ ಎಣ್ಣೆ ಆದದ್ದು ನೋಡಿ ತಿಳೀತು. ಆಗ ನಿನ್ನ ನೆನಪಾಯ್ತು. ಯಾರಿಗೂ ಹೇಳ್ಲಿಲ್ಲ. ಎಲ್ಲೋರ ನೋಡ್ಲಿಕ್ಕೆ ಹೋಗ್ತೇನೆ ಅಂತ ಬಂದೆ.”

ನನಗೆ ಎಂಥ ಭಾವನೆ ಬರಬೇಕಿತ್ತು? ಚಿಮಟ ನೆನಪಾಯಿತು, ತುಪ್ಪವೂ ನೆನಪಾಯಿತು. ಒಂದು ಮೊದಲು, ಒಂದು ಆಮೇಲೆ ಎಂದಲ್ಲ, ಎರಡೂ ಒಟ್ಟಿಗೆ. ಗುಳ್ಳೆಗಳನ್ನು ತೊಳೆದು ಬಟ್ಟೆ ಕಟ್ಟಿ, ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಬಹಳ ಹೊತ್ತು ನೋಡಿದರು. ಇದೇ ಕಾಯಿಲೆ, ನಿಮ್ಮ ಹಾಗೆಯೇ ಹರಡದ ಬಗೆ, ಗುಣವಾಗುತ್ತದೆ ಎಂದರು. ನಾನು ತಡೆಯಲಾರದೆ ಕೇಳಿದೆ: “ನನ್ನಿಂದ ಇವರಿಗೆ ಬಂತೇ?”

ಅವರು ಅತ್ತೆಯನ್ನು ಕೇಳಿದರು, ಮಚ್ಚೆ ಯಾವಾಗಿನಿಂದ ಇದೆ. ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ಯೋಚಿಸಿದರು. ಸಣ್ಣದಾಗಿ ಸದಾಶಿವನ ಮುಂಜಿಯ ಹೊತ್ತಿಗೇ ಇತ್ತು, ಬಿಸಿಲಿಗೆ ಎಂದುಕೊಂಡಿದ್ದೆ ಎಂದರು. ಡಾಕ್ಟರು ಭುಜ ಕುಣಿಸಿದರು. ಇದು ಒಳಗೆ ವರ್ಷಗಟ್ಟಲೆ ಸುಮ್ಮನಿರುವ ರೋಗ. ಯಾರಿಗೆ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಗುಳಿಗೆಯ ಪೊಟ್ಟಣ ಅತ್ತೆಯ ಮಡಿಲಲ್ಲಿತ್ತು.

“ಹಾಗಾದ್ರೆ ನಿನ್ನಿಂದ ನನಗೆ ಬಂದದ್ದಲ್ವಾ?”

“ಗೊತ್ತಿಲ್ಲ ಅತ್ತೆ.”

“ನನ್ನಿಂದ ನಿನಗೆ ಬಂದಿರಬಹುದಾ?”

“ಅದೂ ಗೊತ್ತಿಲ್ಲ. ಇಬ್ಬರಿಗೂ ಬೇರೆ ಯಾರಿಂದಲೋ ಬಂದಿರಬಹುದು.”

“ಡಾಕ್ಟ್ರಿಗೂ ಗೊತ್ತಿಲ್ವಾ?”

“ಇಲ್ಲ.”

ಅವರು ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ, “ನಿನ್ನ ಮಾವನಿಗೆ ಎಂತ ಹೇಳುವುದು?” ಎಂದರು.

“ನೀವು ಹೇಳ್ತೀರಾ, ನಾನು ಹೇಳ್ಬೇಕಾ?”

“ನೀನೇ ಹೇಳು. ನಿನಗೆ ಹೇಳಿ ಅಭ್ಯಾಸ ಉಂಟಲ್ಲ.”

ಇವರೂ ನಾನೂ ಅತ್ತೆಯನ್ನು ಕರೆದುಕೊಂಡು ನಾಸಿಕ್ ರೋಡಿಗೆ ಹೋದೆವು. ವರ್ಷಗಳ ಮೇಲೆ ಆ ಮೆಟ್ಟಿಲು ಹತ್ತಿದೆ. ಮಾವ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಿದರು. ಬಹಳ ಬಡವಾಗಿದ್ದರು. ನಾನು ನಿಂತುಕೊಂಡೇ ಹೇಳಿದೆ. ಅತ್ತೆಗೂ ಅದೇ ಕಾಯಿಲೆ, ಗುಳಿಗೆ ತಂದಿದ್ದೇವೆ, ಗುಣವಾಗುತ್ತದೆ, ಯಾರಿಗೂ ಅಂಟುವುದಿಲ್ಲ. ಇಷ್ಟೇ. ಊರಿಗೆ ಬಿಟ್ಟು ಬಾ ಎಂದದ್ದನ್ನು ನೆನಪಿಸಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಎದುರು ನಿಂತಾಗ ಬಾಯಿಗೆ ಬರಲಿಲ್ಲ.

ಮಾವ ಎಲೆಯನ್ನು ತಟ್ಟೆಗೆ ಹಾಕಿ ಎದ್ದರು. ಬಾಗಿಲ ಬಳಿ ನಿಂತಿದ್ದ ಅತ್ತೆಯ ಹತ್ತಿರ ಹೋದರು. ಏನು ಹೇಳುತ್ತಾರೋ ಎಂದು ಮೂವರೂ ಕಾದೆವು.

“ನೋವುಂಟಾ?” ಎಂದು ಕೇಳಿದರು.

“ಇಲ್ಲ,” ಎಂದರು ಅತ್ತೆ. “ನೋವಿಲ್ಲದ್ದೇ ತೊಂದರೆ ಅಂತೆ.”

ಮಾವನಿಗೆ ಅರ್ಥವಾಗಲಿಲ್ಲ. ಹೌದೇ ಎಂದು ಕೇಳುವ ಹಾಗೆ ನನ್ನ ಕಡೆ ತಿರುಗಿದರು.

“ಹೌದು ಮಾವ,” ಎಂದೆ. “ಕೂತುಕೊಳ್ಳಿ, ಹೇಳ್ತೇನೆ.”